ಒಂದೇ ಟೇಬಲ್, ಎರಡು ಅಳತೆ: ಪೋಕರ್ ಆಡುವ ಹೆಂಗಸರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೋಕರ್ ಆಡುತ್ತೇನೆ ಅಂತ ಗೊತ್ತಾದ ಮೇಲೆ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಮದುವೆ ಮನೆಯ ಪಂಕ್ತಿಯಲ್ಲಿ ಸೋದರತ್ತೆ ಕೇಳಿದ್ದು, ಆಫೀಸಿನವರು ಊಟದ ಹೊತ್ತಲ್ಲಿ ಕೇಳಿದ್ದು, ಗುರುತಿಲ್ಲದವರು ಮೇಲ್ ಹಾಕಿ ಸ್ವಲ್ಪ ಖಾರವಾಗಿಯೇ ಕೇಳಿದ್ದು, ಎಲ್ಲ ಇಲ್ಲಿದೆ. ಅವರ ಮಾತನ್ನು ನಾನು ತಿದ್ದಿಲ್ಲ. ಅಂದಹಾಗೆ ನಾನು ದೊಡ್ಡ ಆಟಗಾರ್ತಿ ಏನಲ್ಲ. ಅಮೆರಿಕದಲ್ಲಿ ಕೆಲಸ, ವರ್ಷಕ್ಕೆ ನಾಲ್ಕಾರು ಸಣ್ಣ ಟೂರ್ನಮೆಂಟ್, ಅಷ್ಟೆ.

## ಏನೂ ಗೊತ್ತಿಲ್ಲದವರಿಗೆ

ಪೋಕರ್ ಅಂದ್ರೆ ನಮ್ಮ ಮೂರೆಲೆ ಆಟ ತಾನೆ? ಜೂಜಲ್ಲಿ ಮರ್ಯಾದೆ ಬೇರೆ ಇರುತ್ತಾ?

ಮೂರೆಲೆಗೆ ದೂರದ ನೆಂಟ ಅನ್ನಬಹುದು. ಈಗ ಜಾಸ್ತಿ ಆಡುವುದು ಹೋಲ್ಡೆಮ್. ಒಬ್ಬೊಬ್ಬರ ಕೈಗೆ ಎರಡೆರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಈ ಏಳರಲ್ಲಿ ಯಾರ ಐದು ಚೆನ್ನಾಗಿದೆಯೋ ಅವರಿಗೆ ಪಾಟ್, ಅಂದರೆ ಎಲ್ಲರೂ ಪಣಕ್ಕಿಟ್ಟು ನಡುವೆ ಸೇರಿದ್ದು. ಇಲ್ಲವೇ ಉಳಿದವರೆಲ್ಲ ಹೆದರಿ ಎಲೆ ಬಿಸಾಕಿದರೆ ಕೊನೆಗೆ ಉಳಿದವರಿಗೆ. ಟೂರ್ನಮೆಂಟ್‌ನಲ್ಲಿ ಮೊದಲೇ ಫೀಸು ಕಟ್ಟಿ ಚಿಪ್ಸ್ ತಗೊಂಡು ಕೂರುತ್ತೀರಿ, ಚಿಪ್ಸ್ ಮುಗಿದರೆ ಮನೆಗೆ. ಲಾಸ್ ವೇಗಸ್‌ನಲ್ಲಿ 1970ರಿಂದ ನಡೆಯುತ್ತಿರುವ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮೇನ್ ಇವೆಂಟ್‌ಗೆ ಫೀಸು 10,000 ಡಾಲರ್.

ಮರ್ಯಾದೆ ಇದೆ, ಬೇಕಾದಷ್ಟಿದೆ. ಒಂಬತ್ತು ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ದಿನಕ್ಕೆ ಹತ್ತು ಗಂಟೆ ಕೂತು ಒಬ್ಬರ ಚಿಪ್ಸ್ ಇನ್ನೊಬ್ಬರು ಎಳೆದುಕೊಳ್ಳುವ ಆಟ ಇದು. ಮರ್ಯಾದೆ ಇಲ್ಲದಿದ್ದರೆ ಹೊಡೆದಾಟ ಆಗುತ್ತದೆ.

ಸ್ಲೋರೋಲ್, ಟ್ಯಾಂಕ್, ಆ್ಯಂಗಲ್ ಅಂತೆಲ್ಲ ಹೇಳ್ತೀರಲ್ಲ, ಏನವು?

ಗೆದ್ದೇ ಗೆಲ್ಲುವ ಎಲೆ ಕೈಯಲ್ಲಿಟ್ಟುಕೊಂಡು, ಎದುರಿನವರು ತಾವೇ ಗೆದ್ದೆವು ಅಂತ ಖುಷಿಪಡುವವರೆಗೆ ಬೇಕಂತಲೇ ಕಾಯಿಸಿ ಆಮೇಲೆ ಎಲೆ ತೋರಿಸುವುದು ಸ್ಲೋರೋಲ್. ಈ ಆಟದಲ್ಲಿ ಇದಕ್ಕಿಂತ ಕೆಟ್ಟ ನಡತೆ ಕಡಿಮೆ. ಟ್ಯಾಂಕ್ ಅಂದರೆ ತುಂಬಾ ಹೊತ್ತು ಯೋಚನೆ ಮಾಡುತ್ತಾ ಕೂರುವುದು. ತಪ್ಪಲ್ಲ, ಅತಿಯಾದರೆ ಯಾರು ಬೇಕಾದರೂ "ಕ್ಲಾಕ್" ಅಂತ ಕರೆಯಬಹುದು, ಆಗ ಸುಮಾರು ಅರ್ಧ ನಿಮಿಷದಲ್ಲಿ ತೀರ್ಮಾನಿಸಬೇಕು. ಆ್ಯಂಗಲ್ ಅಂದರೆ ನಿಯಮ ಮುರಿಯದೆ ಮಾಡುವ ಕಳ್ಳಾಟ. ಉದಾಹರಣೆಗೆ ಚಿಪ್ಸ್ ಮುಂದೆ ತಳ್ಳುವ ಹಾಗೆ ಕೈ ಆಡಿಸಿ, ಎದುರಿನವರ ಮುಖ ನೋಡಿ, ಕೈ ವಾಪಸ್ ತಗೊಳ್ಳುವುದು.

ಇನ್ನೊಂದಿದೆ, ಅದು ಮುಂದೆ ಬೇಕಾಗುತ್ತದೆ: ಕೆಟ್ಟದಾಗಿ ಆಡಿ ಗೆದ್ದವರನ್ನು ಬೈಯಬಾರದು. ಅವರ ಹತ್ತಿರ "ಯಾಕೆ ಹಾಗೆ ಆಡಿದೆ" ಅಂತ ಲೆಕ್ಕವನ್ನೂ ಕೇಳಬಾರದು.

ನಿಯಮ ಎಲ್ಲರಿಗೂ ಒಂದೇ ಅಲ್ವಾ? ಮತ್ತೆ ತಾರತಮ್ಯ ಎಲ್ಲಿಂದ ಬಂತು?

ಬರೆದಿಟ್ಟ ನಿಯಮ ಒಂದೇ, ಅದರಲ್ಲಿ ತಕರಾರಿಲ್ಲ. ಟೂರ್ನಮೆಂಟ್ ನಿಯಮಗಳನ್ನು ಎಲ್ಲ ಕಡೆ ಒಂದೇ ರೀತಿ ಮಾಡಬೇಕು ಅಂತ 2001ರಲ್ಲಿ ಟೂರ್ನಮೆಂಟ್ ಡೈರೆಕ್ಟರ್ಸ್ ಅಸೋಸಿಯೇಷನ್ ಶುರು ಮಾಡಿದವರು ನಾಲ್ವರು. ಅದರಲ್ಲಿ ಇಬ್ಬರು ಹೆಂಗಸರು, ಲಿಂಡಾ ಜಾನ್ಸನ್ ಮತ್ತು ಜಾನ್ ಫಿಶರ್. ಅಂದರೆ ನಿಯಮದ ಪುಸ್ತಕದ ಹಿಂದೆ ಹೆಂಗಸರ ಕೈ ಅರ್ಧಕ್ಕರ್ಧ ಇದೆ.

ತೊಂದರೆ ಇರುವುದು ಬರೆಯದ ನಿಯಮದಲ್ಲಿ. ಅಲ್ಲಿ ಮಾಡಿದ ಕೆಲಸ ಒಂದೇ, ಇಡುವ ಹೆಸರು ಎರಡು. ಗಂಡಸು ಸುಮ್ಮನೆ ಕೂತರೆ ಗಂಭೀರ, ಹೆಂಗಸು ಸುಮ್ಮನೆ ಕೂತರೆ ಸಿಡುಕಿ. ಅವನು ಮಾತಾಡಿದರೆ ಟೇಬಲ್‌ಗೆ ಕಳೆ, ಅವಳು ಮಾತಾಡಿದರೆ ಗಮನ ಸೆಳೆಯುವ ಆಟ. ಅವನು ಸೋತು ಕೂಗಾಡಿದರೆ ಆಟದ ಮೇಲಿನ ಪ್ರೀತಿ. ಅವಳು ಕೂಗಾಡಿದರೆ ಏನನ್ನುತ್ತಾರೆ ಅಂತ ನಾನು ಬರೆಯಬೇಕಾಗಿಲ್ಲ.

ಫಿಲ್ ಹೆಲ್ಮ್ಯೂತ್ ಗೊತ್ತಲ್ಲ. 17 ಬ್ರೇಸ್‌ಲೆಟ್ (ವರ್ಲ್ಡ್ ಸೀರೀಸ್‌ನ ಒಂದೊಂದು ಇವೆಂಟ್ ಗೆದ್ದವರಿಗೆ ಕೊಡುವ ಕಡಗ) ಗೆದ್ದಿದ್ದಾರೆ, ವರ್ಲ್ಡ್ ಸೀರೀಸ್‌ನಲ್ಲಿ ಅಷ್ಟು ಬೇರೆ ಯಾರೂ ಗೆದ್ದಿಲ್ಲ. ಸೋತಾಗ ಎದ್ದು ನಿಂತು ಎದುರಿನವರ ಆಟವನ್ನು ಹಳಿಯುವುದಕ್ಕೂ ಅಷ್ಟೇ ಹೆಸರುವಾಸಿ. ಅವರಿಗೆ "ಪೋಕರ್ ಬ್ರ್ಯಾಟ್" ಅಂತ ಅಡ್ಡಹೆಸರಿದೆ, ಹಠಮಾರಿ ಹುಡುಗ ಅಂತ ಅರ್ಥ, ಅದನ್ನು ಅವರೇ ಖುಷಿಯಿಂದ ಹೇಳಿಕೊಳ್ಳುತ್ತಾರೆ. ಪೋಕರ್ ಹಾಲ್ ಆಫ್ ಫೇಮ್‌ಗೆ ಅವರು ಸೇರಿದ್ದು 2007ರಲ್ಲಿ. ಅದೇ ವರ್ಷ ಸೇರಿದ ಇನ್ನೊಬ್ಬರು ಬಾರ್ಬರಾ ಎನ್‌ರೈಟ್, ಆ ಪಟ್ಟಿಗೆ ಬಂದ ಮೊದಲ ಹೆಂಗಸು. ಎನ್‌ರೈಟ್ ಹಾಗೆ ಇಪ್ಪತ್ತು ವರ್ಷ ಕೂಗಾಡಿದ್ದರೆ ಅದಕ್ಕೂ ಒಂದು ಮುದ್ದಿನ ಹೆಸರು ಸಿಗುತ್ತಿತ್ತೇ? ನನಗಂತೂ ನಂಬಿಕೆ ಇಲ್ಲ.

ಅಷ್ಟಕ್ಕೂ ಎಷ್ಟು ಜನ ಹೆಂಗಸರು ಆಡ್ತಾರೆ?

ಮೇನ್ ಇವೆಂಟ್‌ನಲ್ಲಿ ನೂರಕ್ಕೆ ನಾಲ್ಕೋ ಐದೋ. ಹಾಗಾಗಿ ನಾನು ಕೂರುವ ಟೇಬಲ್‌ನಲ್ಲಿ ಸಾಮಾನ್ಯವಾಗಿ ನಾನೊಬ್ಬಳೇ. ಇನ್ನೊಬ್ಬಳು ಬಂದು ಕೂತರೆ ಯಾರಾದರೂ "ಓಹೋ, ಲೇಡೀಸ್ ನೈಟ್" ಅನ್ನದೆ ಬಿಡುವುದಿಲ್ಲ.

## ಸ್ವಲ್ಪ ಗೊತ್ತಿರುವವರು ಕೇಳುವುದು

ಥಿಯರಿ ಸಾಕು, ನಿಮಗೇ ಆಗಿದ್ದು ಒಂದು ಹೇಳಿ.

ಒಂದು ಶನಿವಾರದ ಟೂರ್ನಮೆಂಟ್. ಯಾವ ಕಸಿನೊ ಅಂತ ಬೇಡ. ನಾನು ಆರನೇ ಸೀಟು. ಕೂತ ತಕ್ಷಣ ಡೀಲರ್ ನನ್ನ ಕಡೆ ಬಗ್ಗಿ, ಮೊದಲು ಯಾರು ಎಷ್ಟು ಹಾಕಬೇಕು ಅಂತ ನಿಧಾನವಾಗಿ ವಿವರಿಸಿದ. ನನ್ನ ಪಕ್ಕದಲ್ಲಿ ಅವತ್ತೇ ಮೊದಲ ಸಲ ಆಡಲು ಬಂದಿದ್ದ ಹುಡುಗ ಇದ್ದ, ಅವನಿಗೆ ಏನೂ ಹೇಳಲಿಲ್ಲ. ಪಾಪ ಅವನೂ ನನಗೆ ಹೇಳಿದ್ದನ್ನೇ ಕಿವಿಗೊಟ್ಟು ಕೇಳಿಸಿಕೊಂಡ.

ಮೂರು ಗಂಟೆ ಆದ ಮೇಲೆ ನನಗೆ ಎರಡು ರಾಜ ಬಂದವು, ಒಂದು ಇಸ್ಪೀಟು, ಒಂದು ಕಳಾವರ. ಮೇಜಿನ ಮೇಲೆ ನಾಲ್ಕು ಕಳಾವರ ಬಿದ್ದವು, ನನ್ನ ರಾಜ ಸೇರಿ ಐದು ಕಳಾವರ, ಅದು ಗಟ್ಟಿ ಕೈ. ಆದರೆ ಅದನ್ನು ಸೋಲಿಸುವ ಕಳಾವರ ಎಕ್ಕ ಇನ್ನೂ ಹೊರಗಿತ್ತು. ಎರಡನೇ ಸೀಟಿನ ಹಿರಿಯರು ಇದ್ದಬದ್ದ ಚಿಪ್ಸ್ ಎಲ್ಲ ಮುಂದೆ ತಳ್ಳಿದರು. ನಾನು ಎಲೆಯ ಮೂಲೆ ಎತ್ತಿ ಇನ್ನೊಮ್ಮೆ ನೋಡಿದೆ. ಕೈಯಲ್ಲಿ ಕಳಾವರ ಇದೆ ಅಂತ ಖಾತ್ರಿ ಆಗಬೇಕಲ್ಲ. ಆಮೇಲೆ ಚಿಪ್ಸ್ ಎಣಿಸಿದೆ, ಯಾಕೆಂದರೆ ಅವರ ಹತ್ತಿರ ಎಕ್ಕ ಇದ್ದರೆ ನನ್ನ ದಿನ ಅಲ್ಲಿಗೇ ಮುಗೀತು. ಹತ್ತು ಹನ್ನೆರಡು ಸೆಕೆಂಡ್ ಆಗಿರಬಹುದು. ಕಾಲ್ ಅಂದೆ, ಅಂದರೆ ಅವರು ಹಾಕಿದಷ್ಟೇ ನಾನೂ ಹಾಕಿದೆ. ಅವರ ಹತ್ತಿರ ರಾಣಿ ಕಳಾವರ. ನಾನು ಗೆದ್ದೆ.

ಅವರು ಎಲೆ ಎಸೆದು ಎದ್ದರು. "ಸ್ಲೋರೋಲ್ ಮಾಡ್ತೀಯಾ? ಇವರಿಗೆಲ್ಲ ಮರ್ಯಾದೆ ಕಲಿಸಿದವರೇ ಇಲ್ಲ" ಅಂದರು. ಆ "ಇವರಿಗೆಲ್ಲ" ಅನ್ನುವುದರಲ್ಲಿ ನಾನೊಬ್ಬಳೇ ಇದ್ದೆ. ಡೀಲರ್ ಚಿಪ್ಸ್ ಜೋಡಿಸುವುದರಲ್ಲಿ ಮುಳುಗಿದ. ಯಾರೂ ತುಟಿ ಬಿಚ್ಚಲಿಲ್ಲ.

ಮತ್ತೆ ಫೀಸು ಕಟ್ಟಿ ಸೇರಲು ಬಿಡುವ ಟೂರ್ನಮೆಂಟ್ ಅದು, ಅವರು ಕಟ್ಟಿ ಅದೇ ಟೇಬಲ್‌ಗೇ ಬಂದರು. ಮುಕ್ಕಾಲು ಗಂಟೆ ಆದ ಮೇಲೆ ಆ ಹೊಸ ಹುಡುಗ ಅವರ ವಿರುದ್ಧ ಎಲ್ಲ ಚಿಪ್ಸ್ ಹಾಕಿದ. ಇವರು ಕುರ್ಚಿಗೆ ಒರಗಿದರು, ಕಾಫಿ ಕುಡಿದರು, ಸೀಲಿಂಗ್ ನೋಡಿದರು, ನಿಟ್ಟುಸಿರು ಬಿಟ್ಟರು. ಒಂದೂವರೆ ನಿಮಿಷ ಆದ ಮೇಲೆ ಕಾಲ್ ಮಾಡಿ ಫುಲ್ ಹೌಸ್ (ಒಂದೇ ಅಂಕಿಯ ಮೂರು, ಇನ್ನೊಂದರ ಎರಡು, ಸೋಲುವುದೇ ಅಪರೂಪ) ತೋರಿಸಿದರು. ಸ್ಲೋರೋಲ್ ಅಂದರೆ ಅದು. ಟೇಬಲ್ ಪೂರ್ತಿ ನಕ್ಕಿತು. "ಅಜ್ಜನ ಸ್ಟೈಲೇ ಬೇರೆ" ಅಂದ ಒಬ್ಬ. ಹುಡುಗನೂ ಪೆಚ್ಚಾಗಿ ನಕ್ಕು ಎದ್ದು ಹೋದ.

"ಸ್ವೀಟ್‌ಹಾರ್ಟ್" ಅಂದ್ರೆ ಏನಾಯ್ತು? ಪ್ರೀತಿಯಿಂದ ಅಂದಿದ್ದಲ್ವಾ?

ನಮ್ಮೂರಲ್ಲಿ ಆಟೋದವರು "ಅಕ್ಕಾ, ಸರಿಯಾಗಿ ಕೂತ್ಕೊಳ್ಳಿ" ಅಂದರೆ ಅದು ಗೌರವ. ನನಗಿಂತ ದೊಡ್ಡವರೂ ಅಕ್ಕ ಅನ್ನುತ್ತಾರೆ. ಟೇಬಲ್‌ನಲ್ಲಿ "ಚೆನ್ನಾಗಿ ಆಡಿದೆ, ಸ್ವೀಟ್‌ಹಾರ್ಟ್" ಅಂತ ಬರುವುದು ನಾನು ಗೆದ್ದಾಗ ಮಾತ್ರ. ಸೋತಾಗ ಬರಲ್ಲ. ನನ್ನ ಬಲಗಡೆ ಕೂತ ಗಡ್ಡದ ಮನುಷ್ಯನಿಗೆ ಆ ಮಾತು ಹೇಳುತ್ತಾರಾ? ಹೇಳಿದರೆ ನನಗೂ ಹೇಳಲಿ. ಡೀಲರ್‌ಗಳು ರೂಢಿಯಲ್ಲಿ "ಜಂಟಲ್‌ಮೆನ್" ಅಂತ ಎಲ್ಲರನ್ನೂ ಕರೆಯುವುದಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಬೇರೆಯವರಿಗೆ ಬೇಜಾರಾಗುತ್ತದೆ, ಅದೂ ಸರಿಯೇ.

ಚೆನ್ನಾಗಿ ಅಲಂಕಾರ ಮಾಡ್ಕೊಂಡು ಬಂದು ಗಮನ ಕೆಡಿಸ್ತಾರೆ, ಅದೂ ಒಂದು ಆ್ಯಂಗಲ್ ಅಲ್ವಾ?

ಕಪ್ಪು ಕನ್ನಡಕ, ತಲೆ ಮುಚ್ಚುವ ಹುಡೀ, ಕಿವಿ ತುಂಬಾ ಹೆಡ್‌ಫೋನ್ ಹಾಕಿದವನು ಮುಖ ಮುಚ್ಚಿಕೊಳ್ಳುವುದೇ ಆಟದಲ್ಲಿ ಲಾಭ ಆಗಲಿ ಅಂತ. ಅವನಿಗೆ ಯಾರೂ ಆ್ಯಂಗಲ್ ಅನ್ನಲ್ಲ. ನನ್ನ ಸೀರೆಯೋ ಲಿಪ್‌ಸ್ಟಿಕ್ಕೋ ನೋಡಿ ನಿಮ್ಮ ಲೆಕ್ಕ ತಪ್ಪಿದರೆ ಅದು ನಿಮ್ಮ ಲೆಕ್ಕ.

ಗಂಡಸರು ಹೆಂಗಸರ ಮೇಲೆ ಕೈ ಮಾಡಲ್ಲ, ಮೆತ್ತಗೆ ಆಡ್ತಾರೆ ಅಂತಾರೆ. ನಿಮಗೇ ಲಾಭ ತಾನೆ?

ಎರಡು ಮಾತು. ಒಂದು, ಬೇಕಂತಲೇ ಮೆತ್ತಗೆ ಆಡುವುದು ಟೂರ್ನಮೆಂಟ್ ನಿಯಮದ ಪ್ರಕಾರವೇ ತಪ್ಪು, ಪೆನಾಲ್ಟಿ ಬೀಳಬಹುದು. ಅವನು ನನಗೆ ಬಿಟ್ಟುಕೊಟ್ಟ ಚಿಪ್ಸ್‌ನಿಂದ ಟೇಬಲ್‌ನ ಉಳಿದವರಿಗೂ ಅನ್ಯಾಯ ಆಗುತ್ತದಲ್ಲ. ಹಾಗಾಗಿ "ಲೇಡಿ ಅಂತ ಬಿಟ್ಟೆ" ಅಂತ ಬೀಗುವವರಿಗೆ ತಾವು ನಿಯಮ ಮುರಿದಿದ್ದನ್ನು ತಾವೇ ಒಪ್ಪಿಕೊಳ್ಳುತ್ತಿದ್ದೇವೆ ಅಂತ ಗೊತ್ತಿರಲ್ಲ.

ಎರಡು, ನಿಜವಾಗಿ ಆಗುವುದು ಅದರ ಉಲ್ಟಾ. 2016ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಂಪ್ಯೂಟರ್‌ನಲ್ಲಿ ಪೋಕರ್ ಆಡಿಸಿ, ಎದುರಾಳಿಗಳಿಗೆ ಗಂಡು ಹೆಣ್ಣಿನ ಮುಖ ಬದಲಿಸಿ ಇಟ್ಟು ನೋಡಿದರು. ಎದುರಿಗೆ ಬರೀ ಹೆಂಗಸರ ಮುಖ ಇದ್ದಾಗ ಜನ ಶೇಕಡ 6ರಷ್ಟು ಜಾಸ್ತಿ ಬ್ಲಫ್ ಮಾಡಿದರು, ಅಂದರೆ ಕೈಯಲ್ಲಿ ಏನೂ ಇಲ್ಲದೆ ಪಣ ಕಟ್ಟಿ ಹೆದರಿಸಿದರು. ಕೇಳಿದರೆ ಮುಖದಿಂದ ತಮ್ಮ ಆಟವೇನೂ ಬದಲಾಗಲಿಲ್ಲ ಅಂದರು. ನಾವು ಹೆದರಿ ಬಿಟ್ಟುಬಿಡುತ್ತೇವೆ ಅನ್ನುವ ಎಣಿಕೆ ಒಳಗೇ ಕೂತಿದೆ. ಅದನ್ನು ತಿಳಿದು ಸ್ವಲ್ಪ ಧೈರ್ಯವಾಗಿ ಕಾಲ್ ಮಾಡಿದರೆ ದುಡ್ಡು ಬರುತ್ತದೆ, ಸುಳ್ಳು ಹೇಳಲ್ಲ, ನನಗೂ ಬಂದಿದೆ.

ಹೆಂಗಸರಿಗೇ ಅಂತ ಬೇರೆ ಟೂರ್ನಮೆಂಟ್ ಇಡ್ತೀರಲ್ಲ, ಇದೇ ಎರಡು ಅಳತೆ ಅಲ್ವಾ?

ಒಳ್ಳೆಯ ಪ್ರಶ್ನೆ. ಇದಕ್ಕೆ ಹೆಂಗಸರಲ್ಲೇ ಒಮ್ಮತ ಇಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಮೊದಲ ಲೇಡೀಸ್ ಇವೆಂಟ್ ನಡೆದದ್ದು 1977ರಲ್ಲಿ, ಗೆದ್ದವರು ಜಾಕಿ ಮೆಕ್‌ಡೇನಿಯಲ್ಸ್. "ನಮಗ್ಯಾಕೆ ಪ್ರತ್ಯೇಕ, ಎಲ್ಲರ ಜೊತೆಗೇ ಗೆಲ್ಲೋಣ" ಅನ್ನುವವರೂ ಇದ್ದಾರೆ. ವನೆಸ್ಸಾ ಸೆಲ್ಬ್‌ಸ್ಟ್ ಗೆದ್ದ ಮೂರು ಬ್ರೇಸ್‌ಲೆಟ್‌ಗಳೂ ಎಲ್ಲರೂ ಆಡುವ ಇವೆಂಟ್‌ನವು.

ನಾನು ಲೇಡೀಸ್ ಇವೆಂಟ್ ಪರ. ಮೊದಲ ಸಲ ಅಲ್ಲಿ ಕೂತಾಗ ನಾನು ಸೀಟಿನಲ್ಲಿ ಸ್ವಲ್ಪ ಹಿಂದೆ ಒರಗಿದ್ದೇನೆ ಅಂತ ನನಗೇ ಆಮೇಲೆ ಗೊತ್ತಾಯಿತು. ಬೇರೆ ಕಡೆ ಯಾವಾಗಲೂ ಮುಂದೆ ಬಾಗಿ ಕೂತಿರುತ್ತೇನೆ. 2022ರಿಂದ ಈಚೆಗೆ ವರ್ಲ್ಡ್ ಸೀರೀಸ್‌ನ ಲೇಡೀಸ್ ಇವೆಂಟ್‌ಗೆ ಪ್ರತಿ ವರ್ಷ ಸಾವಿರಕ್ಕೂ ಜಾಸ್ತಿ ಎಂಟ್ರಿ ಬರುತ್ತಿವೆ. ಬೇಡವಾಗಿದ್ದರೆ ಬರುತ್ತಿದ್ದರಾ?

ಇಲ್ಲೊಂದು ತಮಾಷೆ ಇದೆ. ಲಾಸ್ ವೇಗಸ್ ಇರುವ ನೆವಾಡ ರಾಜ್ಯದ ಕಾನೂನಿನಲ್ಲಿ ಗಂಡಸರನ್ನು ಹೊರಗಿಡುವ ಹಾಗಿಲ್ಲ. ಅದಕ್ಕೆ ಕೆಲವರು ಗೇಲಿ ಮಾಡುವುದಕ್ಕೆಂದೇ ಬಂದು ಆಡುತ್ತಿದ್ದರು. 2013ರಲ್ಲಿ ವರ್ಲ್ಡ್ ಸೀರೀಸ್‌ನವರು ಒಂದು ಉಪಾಯ ಮಾಡಿದರು: ಫೀಸು 10,000 ಡಾಲರ್, ಹೆಂಗಸರಿಗೆ 9,000 ಡಾಲರ್ ರಿಯಾಯಿತಿ. ಬಾಗಿಲು ಎಲ್ಲರಿಗೂ ತೆರೆದೇ ಇದೆ, ಬರುವುದಾದರೆ ಹತ್ತು ಪಟ್ಟು ಕಟ್ಟಿ ಬನ್ನಿ. 2023ರಲ್ಲಿ ಫ್ಲೋರಿಡಾದ ಒಂದು ಲೇಡೀಸ್ ಇವೆಂಟ್‌ನಲ್ಲಿ ಗಂಡಸೊಬ್ಬ ಆಡಿ ಗೆದ್ದೇಬಿಟ್ಟ. ನಿಯಮದ ಪ್ರಕಾರ ಸರಿ. ಸೀಮಂತಕ್ಕೆ ಹೋಗಿ ಮೊದಲ ಪಂಕ್ತಿಯಲ್ಲಿ ಕೂತು ಬಂದ ಹಾಗೆ.

## ಆಟ ಬಲ್ಲವರ ಪ್ರಶ್ನೆಗಳು

ಆ ಗುಲಾಮ-ನಾಲ್ಕು ಗಲಾಟೆ ಏನು? ಅವಳು ಮೋಸ ಮಾಡಿದ್ಲಾ ಇಲ್ವಾ?

ಜಾಸ್ತಿ ಜನ ಕೇಳುವುದು ಇದನ್ನೇ. 2022ರ ಸೆಪ್ಟೆಂಬರ್ 29, ಲಾಸ್ ಏಂಜಲಿಸ್ ಹತ್ತಿರದ ಹಸ್ಲರ್ ಕಸಿನೊದಿಂದ ನೇರಪ್ರಸಾರ. ಟೂರ್ನಮೆಂಟ್ ಅಲ್ಲ, ನಗದು ಆಟ. ಮೇಜಿನ ಮೇಲೆ ಹತ್ತು, ಹತ್ತು, ಒಂಬತ್ತು, ಮೂರು. ವೃತ್ತಿಪರ ಆಟಗಾರ ಗ್ಯಾರೆಟ್ ಆಡೆಲ್‌ಸ್ಟೀನ್ ಕೈಯಲ್ಲಿ ಕಳಾವರ ಏಳು, ಎಂಟು. ಇನ್ನೂ ಏನೂ ಆಗಿಲ್ಲ, ಆದರೆ ಕೊನೆಯ ಎಲೆಯಲ್ಲಿ ಆಗುವ ಸಾಧ್ಯತೆ ತುಂಬಾ. ಅವರು ಎಲ್ಲ ಚಿಪ್ಸ್ ತಳ್ಳಿದರು. ಎದುರಿಗಿದ್ದ ಹೊಸ ಆಟಗಾರ್ತಿ ರಾಬಿ ಜೇಡ್ ಲ್ಯೂ ಹತ್ತಿರ ಇದ್ದದ್ದು ಗುಲಾಮ, ನಾಲ್ಕು. ಆ ಎರಡು ಎಲೆಯಿಂದ ಒಂದು ಜೋಡಿಯೂ ಆಗಿಲ್ಲ, ಏಳು-ಎಂಟಕ್ಕಿಂತ ಗುಲಾಮ ದೊಡ್ಡದು ಅಷ್ಟೆ. ಆದರೂ ಇನ್ನೂ 109,000 ಡಾಲರ್ ಹಾಕಿ ಕಾಲ್ ಮಾಡಿದರು. ಕೊನೆಯ ಎಲೆಯನ್ನು ಎರಡು ಸಲ ಹಾಕಿಸಿದರು, ಎರಡು ಸಲವೂ ಆಡೆಲ್‌ಸ್ಟೀನ್‌ಗೆ ಬೇಕಾದ ಎಲೆ ಬರದೆ ಲ್ಯೂ ಗೆದ್ದರು. ಪಾಟ್ 269,000 ಡಾಲರ್.

ಆಮೇಲೆ ಆಡೆಲ್‌ಸ್ಟೀನ್‌ಗೆ ಅನುಮಾನ ಬಂತು, ಟೇಬಲ್ ಬಿಟ್ಟು ಹೊರಗೆ ಮಾತುಕತೆ ಆಯಿತು, ಲ್ಯೂ 135,000 ಡಾಲರ್ ವಾಪಸ್ ಕೊಟ್ಟರು. ಅವರಾಗೇ ಕೊಟ್ಟರು ಅಂತ ಆಡೆಲ್‌ಸ್ಟೀನ್, ಒತ್ತಡಕ್ಕೆ ಸಿಕ್ಕಿ ಕೊಟ್ಟೆ ಅಂತ ಲ್ಯೂ. ಆಮೇಲೆ ಪ್ರಸಾರದ ಕೆಲಸಗಾರನೊಬ್ಬ ಲ್ಯೂ ಅವರ 15,000 ಡಾಲರ್ ಚಿಪ್ಸ್ ತೆಗೆದಿದ್ದ ಅಂತ ಆಡಿಸುವವರೇ ಹೇಳಿದಾಗ ಅನುಮಾನ ಇನ್ನೂ ಹೆಚ್ಚಾಯಿತು. ಡಿಸೆಂಬರ್‌ನಲ್ಲಿ ತನಿಖೆಯ ವರದಿ ಬಂತು. ಮೋಸಕ್ಕೆ ಪುರಾವೆ ಸಿಗಲಿಲ್ಲ.

ಈಗ ನನ್ನ ಮಾತು. ಅನುಮಾನ ಬಂದಿದ್ದೇ ತಪ್ಪು ಅಂತ ನಾನು ಹೇಳಲ್ಲ. ಆ ಕಾಲ್ ವಿಚಿತ್ರವಾಗಿಯೇ ಇತ್ತು, ಲ್ಯೂ ಕೊಟ್ಟ ಕಾರಣಗಳೂ ಒಂದಕ್ಕೊಂದು ಕೂಡಲಿಲ್ಲ. ಆದರೆ ಲೆಕ್ಕ ನೋಡಿ: ಆ ಕ್ಷಣಕ್ಕೆ ಇಬ್ಬರ ಗೆಲುವಿನ ಸಾಧ್ಯತೆ ಸುಮಾರು ಅರ್ಧಕ್ಕರ್ಧ, ಒಂದು ಕೂದಲೆಳೆ ಆಡೆಲ್‌ಸ್ಟೀನ್ ಕಡೆಗೇ ಜಾಸ್ತಿ. ಎದುರಿನವರ ಎಲೆ ಗೊತ್ತಿದ್ದು ಮೋಸ ಮಾಡುವವರು ಇಂಥ ಜಾಗದಲ್ಲೇ ಮಾಡುತ್ತಾರಾ? ಮೇಲೆ ಹೇಳಿದೆನಲ್ಲ, ಕೆಟ್ಟದಾಗಿ ಆಡಿ ಗೆದ್ದವರ ಹತ್ತಿರ ಲೆಕ್ಕ ಕೇಳಬಾರದು ಅಂತ. ದುಡ್ಡಿರುವ ಹೊಸಬ ಗಂಡಸು ಇಂಥ ಕಾಲ್ ಮಾಡಿದರೆ ಮರುವಾರ ಅವನಿಗೆ ಫೋನ್ ಮಾಡಿ ಕರೆಯುತ್ತಾರೆ, ಅಂಥವರಿಂದಲೇ ಆಟ ನಡೆಯುವುದು. ಲ್ಯೂ ಮಾತ್ರ ತಿಂಗಳುಗಟ್ಟಲೆ ಉತ್ತರ ಕೊಟ್ಟರು. ಅವರ ಉಂಗುರದ ಬಗ್ಗೆ, ಕೂತ ರೀತಿಯ ಬಗ್ಗೆ, ಬಟ್ಟೆಯ ಬಗ್ಗೆ ಜನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದರು. ಗಂಡಸಿನ ಪೆದ್ದುತನ ಪೆದ್ದುತನವಾಗಿಯೇ ಉಳಿಯುತ್ತದೆ. ಹೆಂಗಸಿನದಕ್ಕೆ ಹಿಂದೆ ಯಾರೋ ಇರಬೇಕು.

"ಲಾಸ್ಟ್ ವುಮನ್ ಸ್ಟ್ಯಾಂಡಿಂಗ್" ಅಂತ ಹೊಗಳೋದೂ ತಪ್ಪಾ?

ತಪ್ಪಲ್ಲ, ಆದರೆ ಆಡುವವರಿಗೆ ಭಾರ. ಮೇನ್ ಇವೆಂಟ್‌ನಲ್ಲಿ ಕೊನೆಯವರೆಗೆ ಉಳಿದ ಹೆಂಗಸಿನ ಹಿಂದೆ ಕ್ಯಾಮೆರಾ ಓಡುತ್ತದೆ. ಕೇಳುವುದು ಒಂದೇ ಪ್ರಶ್ನೆ: "ಹೆಂಗಸಾಗಿ ಹೇಗನ್ನಿಸುತ್ತಿದೆ?" ಪಕ್ಕದ ಗಂಡಸನ್ನಾದರೆ, ಚಿಪ್ಸ್ ಎಷ್ಟಿದೆ, ನಾಳೆ ಹೇಗೆ ಆಡುತ್ತೀರಿ ಅಂತ ಕೇಳುತ್ತಾರೆ.

1995ರಲ್ಲಿ ಎನ್‌ರೈಟ್ ಫೈನಲ್ ಟೇಬಲ್ ಮುಟ್ಟಿ ಐದನೆಯವರಾದರು. ಕೈಯಲ್ಲಿ ಎಂಟರ ಜೋಡಿ ಇತ್ತು, ಎದುರಿಗೆ ಆರು-ಮೂರು, ಆದರೂ ಸೋತರು. ಆಮೇಲೆ 2012ರಲ್ಲಿ ಎಲಿಸಬೆತ್ ಹಿಲ್ಲೆ 11ನೇ ಸ್ಥಾನಕ್ಕೆ, ಗೇಲ್ ಬೌಮನ್ 10ನೇ ಸ್ಥಾನಕ್ಕೆ ನಿಂತರು. ಫೈನಲ್‌ಗೆ ಒಂಬತ್ತೇ ಜನ. 2025ರಲ್ಲಿ ಸ್ಪೇನ್‌ನ ಲಿಯೊ ಮಾರ್ಗೆಟ್ಸ್ 9,735 ಎಂಟ್ರಿಗಳ ನಡುವೆ ಫೈನಲ್ ಮುಟ್ಟಿ ಏಳನೆಯವರಾದರು, 15 ಲಕ್ಷ ಡಾಲರ್. ಸರಿಯಾಗಿ ಮೂವತ್ತು ವರ್ಷ ಬೇಕಾಯಿತು. ನೂರಕ್ಕೆ ನಾಲ್ಕೈದೇ ಜನ ಆಡುವುದೂ ಇದಕ್ಕೆ ಒಂದು ಕಾರಣ. ಆದರೆ ಪ್ರತಿ ಸಲ ಒಬ್ಬಳು ಸೋತಾಗ ಹೆಂಗಸರೆಲ್ಲ ಸೋತ ಹಾಗೆ ಬರೆಯುತ್ತಾರೆ. 11ನೆಯವನಾಗಿ ಹೋದ ಗಂಡಸು ತನ್ನೊಬ್ಬನ ಸೋಲು ಹೊತ್ತುಕೊಂಡು ಹೋದರೆ ಸಾಕು.

ಗಂಡಸರಿಗೂ ಅನ್ಯಾಯ ಆಗುತ್ತೆ, ಅದನ್ಯಾಕೆ ಬರೆಯಲ್ಲ?

ಬರೆಯುತ್ತೇನೆ. ನಾನು ರೈಸ್ ಮಾಡಿದಾಗ, ಅಂದರೆ ಪಣ ಏರಿಸಿದಾಗ, ಎಲೆ ಬಿಟ್ಟವನನ್ನು ಗೆಳೆಯರು "ಹೆಂಗಸಿಗೆ ಹೆದರಿದ್ಯಾ" ಅಂತ ಗೋಳಾಡಿಸುತ್ತಾರೆ. ಅದಕ್ಕೆ ಮುಂದಿನ ಸಲ ಅವನು ಬಿಡಬೇಕಾದ ಎಲೆ ಬಿಡದೆ ಸೋಲುತ್ತಾನೆ. ಕೆಟ್ಟದಾಗಿ ನಡೆದುಕೊಳ್ಳುವ ಹೆಂಗಸರನ್ನೂ ನೋಡಿದ್ದೇನೆ. ಡೀಲರ್ ಮುಖಕ್ಕೆ ಎಲೆ ಎಸೆದವಳಿಗೆ ಎರಡು ರೌಂಡ್ ಹೊರಗೆ ನಿಲ್ಲಿಸಿದರು, ಸರಿಯಾಗಿಯೇ ಮಾಡಿದರು. ಅದೇ ದಿನ ಎಲೆ ಎಸೆದವನಿಗೂ ನಿಲ್ಲಿಸಿದ್ದರೆ ಈ ಪ್ರಶ್ನೆಗಳನ್ನು ಬರೆಯುವ ಕೆಲಸವೇ ನನಗಿರುತ್ತಿರಲಿಲ್ಲ.

ಟೇಬಲ್‌ನಲ್ಲಿ ಇಂಥದ್ದು ಆದ್ರೆ ಏನ್ ಮಾಡ್ಬೇಕು?

ಜಗಳಕ್ಕೆ ಇಳಿಯಬೇಡಿ. "ಫ್ಲೋರ್, ಪ್ಲೀಸ್" ಅಂತ ಗಟ್ಟಿಯಾಗಿ ಕರೆಯಿರಿ, ಮೇಲ್ವಿಚಾರಕರು ಬರುತ್ತಾರೆ. ಆದದ್ದನ್ನು ಮಾತ್ರ ಹೇಳಿ, ಅನ್ನಿಸಿದ್ದನ್ನಲ್ಲ: "ಎರಡನೇ ಸೀಟಿನವರು ನನಗೆ ಈ ಮಾತು ಅಂದರು." ಎಚ್ಚರಿಕೆ, ಕೆಲವು ರೌಂಡ್ ಹೊರಗೆ ನಿಲ್ಲಿಸುವುದು, ಕೊನೆಗೆ ಟೂರ್ನಮೆಂಟ್‌ನಿಂದಲೇ ಕಳಿಸುವುದು, ಎಲ್ಲ ಅವರ ಕೈಯಲ್ಲಿದೆ. ಹೊರಗೆ ನಿಂತಷ್ಟು ಹೊತ್ತು ಬ್ಲೈಂಡ್ಸ್‌ಗೆ, ಅಂದರೆ ಸರದಿ ಬಂದಾಗ ಕಡ್ಡಾಯವಾಗಿ ಹಾಕಬೇಕಾದ ಪಣಕ್ಕೆ, ಅವರ ಚಿಪ್ಸ್ ಹೋಗುತ್ತಲೇ ಇರುತ್ತದೆ, ಅದು ಚೆನ್ನಾಗಿ ಅರ್ಥ ಆಗುತ್ತದೆ. ಅಕ್ಕಪಕ್ಕ ಕೂತಿರುವ ಗಂಡಸರೇ, ನೀವು ಕರೆದರೆ ಇನ್ನೂ ಒಳ್ಳೆಯದು. ನಾನು ಕರೆದರೆ ನಾನು "ಗಲಾಟೆಯವಳು" ಆಗುತ್ತೇನೆ, ನೀವು ಕರೆದರೆ ಆಗಲ್ಲ.

ನನ್ನ ಮಗಳು ಕಲೀತೀನಿ ಅಂತಾಳೆ, ಬೆಂಗಳೂರಲ್ಲಿದ್ದೀವಿ. ಕಲಿಸಬಹುದಾ?

ಕಲಿಸಿ, ದುಡ್ಡಿಲ್ಲದೆ. ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಆಡಿಸುವುದನ್ನು 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ನಿಷೇಧಿಸಿದೆ, ಆ ಕಡೆ ಹೋಗಬೇಡಿ. ನಮ್ಮ ದೇಶದ ನಿಕಿತಾ ಲೂಥರ್ 2018ರಲ್ಲಿ ಜೊತೆಗಾರನ ಜೊತೆ ಆಡುವ ಇವೆಂಟ್‌ನಲ್ಲಿ ವರ್ಲ್ಡ್ ಸೀರೀಸ್ ಬ್ರೇಸ್‌ಲೆಟ್ ಗೆದ್ದರು ಅಂತ ಬೇಕಾದರೆ ಅವಳಿಗೆ ಹೇಳಿ. ಮನೆಯಲ್ಲಿ ಒಂದು ಕಟ್ಟು ಇಸ್ಪೀಟು, ಚಿಪ್ಸ್‌ಗೆ ಹುಣಸೆಬೀಜ ಸಾಕು. ನಮ್ಮಮ್ಮನಿಗೆ ನಾನು ಹಾಗೇ ಕಲಿಸಿದ್ದು. ಎರಡನೇ ದಿನವೇ ಕೈಯಲ್ಲಿ ಏನೂ ಇಲ್ಲದೆ ನನ್ನ ಬೀಜ ಎಲ್ಲ ಬಾಚಿಕೊಂಡರು. ಎಲೆ ತೋರಿಸಿ ಅಂದರೆ, "ಅದ್ಯಾಕೆ ತೋರಿಸಬೇಕು, ನೀನೇ ಬಿಟ್ಟೆಯಲ್ಲ" ಅಂತ ಎಲೆ ಮಡಿಲಿಗೆ ಹಾಕಿಕೊಂಡು ಕಾಫಿ ಮಾಡಲು ಎದ್ದು ಹೋದರು.